ಹೆಳವನ ಹೊತ್ತಿಗೆ, ಮೋಡಿ ಕಾಗದ, ಡಿಎನ್‌ಎ ವರದಿ

ಚಿಕ್ಕೋಡಿ, ರಾಯಬಾಗ, ಅಥಣಿ ಕಡೆಯ ಯಾವುದಾದರೂ ದೊಡ್ಡ ಊರಿಗೆ ಹೋಗಿ ‘ಪಾಟೀಲರ ಮನೆ ಎಲ್ಲಿ’ ಎಂದು ಕೇಳಿದರೆ ‘ಯಾವ ಪಾಟೀಲರು?’ ಎಂದು ತಿರುಗಿ ಕೇಳುತ್ತಾರೆ. ಲಿಂಗಾಯತ ಪಾಟೀಲರಿದ್ದಾರೆ, ಜೈನ ಪಾಟೀಲರಿದ್ದಾರೆ, ಮರಾಠಾ ಪಾಟೀಲರಿದ್ದಾರೆ, ಮುಸ್ಲಿಂ ಪಾಟೀಲರೂ ಇದ್ದಾರೆ. ಪಾಟೀಲಕಿ ಎಂಬುದು ಊರಿನ ಕಂದಾಯ ವಸೂಲಿಯ ಹುದ್ದೆ. ಅದು ಯಾರ ಮನೆಯಲ್ಲಿತ್ತೋ ಆ ಮನೆಗೆ ಹೆಸರಾಗಿ ನಿಂತಿತು. ಕುಲಕರ್ಣಿ ಊರಿನ ಲೆಕ್ಕ ಬರೆದವ, ದೇಸಾಯಿ ಪರಗಣೆ ನೋಡಿಕೊಂಡವ, ಚೌಗುಲೆ ಪಾಟೀಲನ ಕೈಕೆಳಗಿನವ, ಸನದಿ ಸನದು ಪಡೆದು ಚಾಕರಿ ಮಾಡಿದವ. ಇನ್ನು ಸದಲಗೆ, ಐನಾಪುರೆ, ಶೇಡಬಾಳೆ ಎಂಬ ಅಡ್ಡಹೆಸರುಗಳು ಬಿಟ್ಟುಬಂದ ಊರನ್ನು ಹೇಳುತ್ತವೆ. ಐನಾಪುರದಲ್ಲೇ ಉಳಿದವನನ್ನು ಐನಾಪುರೆ ಎಂದು ಯಾರೂ ಕರೆಯಲಿಲ್ಲ. ಊರು ಬಿಟ್ಟು ಹೋದವನಿಗೆ ಹೋದ ಊರಿನವರು ಆ ಹೆಸರಿಟ್ಟರು. ಹೀಗೆ ಅಡ್ಡಹೆಸರು ಕಸುಬನ್ನೋ ದಾರಿಯನ್ನೋ ಹೇಳುತ್ತದೆ, ರಕ್ತವನ್ನು ಹೇಳುವುದಿಲ್ಲ. ಅದಕ್ಕೇ ಇರಬೇಕು, ಪುಣೆ, ಬೆಂಗಳೂರು, ಅಮೆರಿಕ ಸೇರಿದ ಈ ಸೀಮೆಯ ಮಕ್ಕಳು ‘ನಮ್ಮ ಮೂಲ ಯಾವುದು’ ಎಂದು ತಿಳಿಯಲು ಡಿಎನ್‌ಎ ಪರೀಕ್ಷೆಯ ಕಡೆ ನೋಡುತ್ತಿದ್ದಾರೆ. ಅವರ ಆಸೆ ಗೌರವಿಸಬೇಕಾದದ್ದು. ಆದರೆ ಅವರು ಕೆಲಸವನ್ನು ತುದಿಯಿಂದ ಶುರುಮಾಡುತ್ತಿದ್ದಾರೆ ಎಂಬುದು ನನ್ನ ವಾದ. ಡಿಎನ್‌ಎ ಒಂದು ಸಾಕ್ಷಿ. ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳುತ್ತದೆ. ಏನು ಕೇಳಬೇಕೆಂಬುದನ್ನು ಕಾಗದಪತ್ರಗಳಿಂದಲೂ ಮನೆಯ ಹಿರಿಯರ ಮಾತಿನಿಂದಲೂ ಕಟ್ಟಿಕೊಳ್ಳಬೇಕು. ಕಾಗದವೇ ಯಾರ ಹೆಸರನ್ನು ಬರೆಯಲು ಒಲ್ಲೆನೆಂದಿತೋ ಅಂಥವರ ಪಾಲಿಗೆ ಮಾತ್ರ ಈ ಸಾಕ್ಷಿ ಮೊದಲನೆಯದಾಗಿ ಬರಬೇಕಾಗುತ್ತದೆ.

ಪರೀಕ್ಷೆ ನಡೆಯುವ ಬಗೆ ಸರಳ. ಸಣ್ಣ ನಳಿಕೆಯಲ್ಲಿ ಜೊಲ್ಲು ತುಂಬಿ ಕಳಿಸಿದರೆ ಪ್ರಯೋಗಾಲಯದವರು ಅದರಲ್ಲಿನ ಜೀವಕೋಶಗಳಿಂದ ಡಿಎನ್‌ಎ ತೆಗೆದು, ಮನುಷ್ಯರಲ್ಲಿ ವ್ಯತ್ಯಾಸ ಇರುವುದೆಂದು ಗೊತ್ತಿರುವ ಲಕ್ಷಾಂತರ ಜಾಗಗಳನ್ನು ಓದುತ್ತಾರೆ. ಅದರಿಂದ ಮೂರು ಬಗೆಯ ಸುದ್ದಿ ಸಿಗುತ್ತದೆ. ವೈ ವರ್ಣತಂತು ತಂದೆಯಿಂದ ಮಗನಿಗೆ ಮಾತ್ರ ಇಳಿಯುವುದರಿಂದ ಅದು ಅಪ್ಪ, ಅಜ್ಜ, ಮುತ್ತಜ್ಜನ ಒಂದೇ ಎಳೆಯನ್ನು ಹಿಡಿದು ಹಿಂದಕ್ಕೆ ಹೋಗುತ್ತದೆ. ಮೈಟೊಕಾಂಡ್ರಿಯದ ಡಿಎನ್‌ಎ ತಾಯಿಯಿಂದ ಬರುತ್ತದೆ, ಅವ್ವ, ಅವ್ವನ ಅವ್ವ, ಅವಳ ಅವ್ವ ಎಂಬ ಎಳೆ ಅದು. ಉಳಿದ 22 ಜೊತೆ ವರ್ಣತಂತುಗಳು ಎರಡೂ ಕಡೆಯಿಂದ ಬೆರೆತು ಬರುತ್ತವೆ, ಪ್ರತಿ ತಲೆಮಾರಿಗೆ ಒಬ್ಬೊಬ್ಬ ಪೂರ್ವಿಕರ ಪಾಲು ಅರ್ಧರ್ಧ ಆಗುತ್ತ ಹೋಗುತ್ತದೆ. ಹತ್ತು ತಲೆಮಾರು ಹಿಂದೆ ಹೋದರೆ ಲೆಕ್ಕದಲ್ಲಿ 1,024 ಪೂರ್ವಿಕರು. ಅವರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಜನರ ಡಿಎನ್‌ಎ ನಮ್ಮ ಮೈಯಲ್ಲಿ ಒಂದು ಚೂರೂ ಉಳಿದಿರುವುದಿಲ್ಲ. ಅವರು ನಮ್ಮ ಪೂರ್ವಿಕರು ಹೌದು, ರಕ್ತದಲ್ಲಿ ಮಾತ್ರ ಅವರ ಗುರುತಿಲ್ಲ. ಹತ್ತಿರದ ನಂಟಿನಲ್ಲೂ ತೊಡಕಿದೆ. ಇಬ್ಬರ ಡಿಎನ್‌ಎ ಕಾಲು ಭಾಗ ಹೊಂದಿದರೆ ಅವರು ಅಜ್ಜ-ಮೊಮ್ಮಗ ಇರಬಹುದು, ಸೋದರಮಾವ-ಅಳಿಯ ಇರಬಹುದು, ಒಬ್ಬ ತಂದೆಯ ಇಬ್ಬರು ಹೆಂಡಿರ ಮಕ್ಕಳೂ ಇರಬಹುದು. ಮೂರರಲ್ಲಿ ಯಾವುದೆಂದು ಹೇಳುವುದು ವಯಸ್ಸು, ಊರು, ಕಾಗದ.

ನಮ್ಮ ಕಡೆ ಈ ಲೆಕ್ಕ ಇನ್ನೂ ಗೋಜಲಾಗುತ್ತದೆ, ಯಾಕೆಂದರೆ ಪಾಶ್ಚಾತ್ಯ ಕಂಪನಿಗಳ ಗಣಿತ ಅಕ್ಕನ ಮಗಳನ್ನು ಮಾಡಿಕೊಳ್ಳುವ ಸಮಾಜವನ್ನು ನೋಡಿ ಬರೆದದ್ದಲ್ಲ. ಒಬ್ಬ ತನ್ನ ಅಕ್ಕನ ಮಗಳನ್ನು ಮದುವೆಯಾದ ಎನ್ನೋಣ. ಅವರಿಗೆ ಹುಟ್ಟಿದ ಕೂಸಿಗೆ ಅಪ್ಪನ ತಂದೆ ಅಜ್ಜ ಆಗುತ್ತಾನೆ. ಅದೇ ಮನುಷ್ಯ ಅವ್ವನ ಕಡೆಯಿಂದ ನೋಡಿದರೆ ಮುತ್ತಜ್ಜ. ಸಾಮಾನ್ಯವಾಗಿ ಅಜ್ಜನಿಂದ ಮೊಮ್ಮಗುವಿಗೆ ನಾಲ್ಕರಲ್ಲಿ ಒಂದು ಪಾಲು ಬರುತ್ತದೆ. ಇಲ್ಲಿ ಎರಡು ದಾರಿಯಿಂದ ಬಂದು ಎಂಟರಲ್ಲಿ ಮೂರು ಪಾಲಾಗುತ್ತದೆ. ಸೋದರಮಾವನ ಮಗಳನ್ನು ತಂದುಕೊಂಡ ಮನೆಯಲ್ಲಿ ಕೂಸಿಗೆ ಎಂಟು ಜನ ಮುತ್ತಜ್ಜ-ಮುತ್ತಜ್ಜಿಯರ ಬದಲು ಆರೇ ಜನ ಇರುತ್ತಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚು ಮದುವೆಗಳು ರಕ್ತಸಂಬಂಧದೊಳಗೆ ಆದಂಥವು. ಇದು ಒಂದು ತಲೆಮಾರಿನ ಮಾತಲ್ಲ. ಅದೇ ಹತ್ತಾರು ಊರುಗಳ ಒಳಗೆ, ಬೆಡಗು ಬೇರೆ ನೋಡಿಕೊಂಡು, ಆದರೆ ಕಳ್ಳುಬಳ್ಳಿ ಬಿಡದೆ, ನೂರಾರು ವರ್ಷ ಹೆಣ್ಣು ಕೊಟ್ಟು ತಂದ ಮನೆಗಳಲ್ಲಿ ದೂರದ ನೆಂಟನೂ ಡಿಎನ್‌ಎ ವರದಿಯಲ್ಲಿ ಹತ್ತಿರದವನಾಗಿ ಕಾಣುತ್ತಾನೆ. ನಾಲ್ಕು ತಲೆಮಾರಿನಾಚೆ ಕವಲೊಡೆದವನನ್ನು ವರದಿ ಎರಡನೆಯ ತಲೆಮಾರಿನ ದಾಯಾದಿ ಎಂದು ತೋರಿಸಿದರೆ ಯಂತ್ರ ಸುಳ್ಳು ಹೇಳಿದಂತಾಗಲಿಲ್ಲ. ಹಂಚಿಕೊಂಡ ಡಿಎನ್‌ಎ ಅಷ್ಟು ಇರುವುದು ನಿಜ. ಅದು ಒಂದೇ ಅಜ್ಜನಿಂದ ಬಂತೋ ಆರು ದಾರಿಯಿಂದ ಚೂರುಚೂರಾಗಿ ಬಂತೋ ಎಂಬುದು ಅದಕ್ಕೆ ಗೊತ್ತಿಲ್ಲ, ಅಷ್ಟೇ.

ಹಾಗಾದರೆ ‘ದಕ್ಷಿಣ ಭಾರತ ಇಷ್ಟು ಶೇಕಡ, ಮಧ್ಯ ಏಷ್ಯಾ ಇಷ್ಟು ಶೇಕಡ’ ಎಂಬ ಬಣ್ಣದ ನಕ್ಷೆ? ಅದು ಕಂಪನಿಯ ಬಳಿ ಯಾರ ಮಾದರಿಗಳಿವೆಯೋ ಅವುಗಳ ಜೊತೆ ಹೋಲಿಸಿ ಹಾಕಿದ ಅಂದಾಜು. ಮಾದರಿಗಳು ಬದಲಾದರೆ ಅದೇ ಜೊಲ್ಲಿಗೆ ಬೇರೆ ಅಂಕಿ ಬರುತ್ತದೆ. ಗಟ್ಟಿಯಾದ ವಿಜ್ಞಾನ ಇರುವುದು ಬೇರೆಡೆ. ಹೈದರಾಬಾದಿನ ಸಿಸಿಎಂಬಿಯ ವಿಜ್ಞಾನಿಗಳು ಅಮೆರಿಕದ ಸಂಶೋಧಕರ ಜೊತೆ 2009ರಲ್ಲಿ 25 ಸಮುದಾಯಗಳ 132 ಜನರ ಡಿಎನ್‌ಎ ಓದಿ, ಇಂದಿನ ಭಾರತೀಯರಲ್ಲಿ ಹೆಚ್ಚುಕಡಿಮೆ ಎಲ್ಲರೂ ಎರಡು ಪ್ರಾಚೀನ ಜನಸಮೂಹಗಳ ಬೆರಕೆ ಎಂದು ತೋರಿಸಿದರು. ಈ ಬೆರಕೆ ಸುಮಾರು 4,200ರಿಂದ 1,900 ವರ್ಷಗಳ ಹಿಂದಿನ ಅವಧಿಯಲ್ಲಿ ನಡೆದು, ಆಮೇಲೆ ಜಾತಿಯೊಳಗೇ ಮದುವೆ ಬಿಗಿಯಾಯಿತು ಎಂದು 2013ರ ಅಧ್ಯಯನ ಹೇಳಿತು. 2017ರಲ್ಲಿ 263 ದಕ್ಷಿಣ ಏಷ್ಯಾದ ಗುಂಪುಗಳನ್ನು ನೋಡಿದಾಗ ಅವುಗಳಲ್ಲಿ 81 ಗುಂಪುಗಳು ತೀರ ಕಡಿಮೆ ಮೂಲಪುರುಷರಿಂದ ಬೆಳೆದವು, ಫಿನ್‌ಲ್ಯಾಂಡಿನವರಿಗಿಂತ ಹೆಚ್ಚು ಒಳಗೊಳಗೇ ಹೆಣೆದುಕೊಂಡವು ಎಂದು ಗೊತ್ತಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನಾ ಕೇಂದ್ರ ಮುಂದಾಳತ್ವ ವಹಿಸಿದ ಜೀನೋಮ್ ಇಂಡಿಯಾ ಯೋಜನೆ 83 ಜನಸಮೂಹಗಳ 10,000 ಜೀನೋಮುಗಳ ಮಾಹಿತಿಯನ್ನು 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆದಿಟ್ಟಿತು. ಇವೆಲ್ಲ ದೊಡ್ಡ ಕೆಲಸಗಳು, ಅನುವಂಶಿಕ ಕಾಯಿಲೆಗಳನ್ನು ಹಿಡಿಯಲು ಬಹಳ ಬೇಕಾದವು. ಆದರೆ ಇವು ಸಾವಿರಾರು ವರ್ಷಗಳ, ಇಡೀ ಸಮುದಾಯಗಳ ಕಥೆ. ನಮ್ಮ ಮುತ್ತಜ್ಜ ಕಾಗವಾಡ ಬಿಟ್ಟು ರಾಯಬಾಗಕ್ಕೆ ಯಾವಾಗ ಬಂದ, ಯಾಕೆ ಬಂದ ಎಂದು ಇವು ಹೇಳಲಾರವು.

ಡಿಎನ್‌ಎ ಸ್ಪಷ್ಟವಾಗಿ ಮಾತಾಡಿದ ಒಂದು ಉದಾಹರಣೆ ನಮ್ಮ ಬೆಳಗಾವಿ ಜಿಲ್ಲೆಯ ಅಂಚಿನಲ್ಲೇ ಇದೆ. ಖಾನಾಪುರ, ಹಳಿಯಾಳ, ಯಲ್ಲಾಪುರದ ಕಾಡುಗಳಲ್ಲಿ ಇರುವ ಸಿದ್ದಿಗಳು ಆಫ್ರಿಕಾದಿಂದ ಬಂದವರು, ಗೋವೆಯ ಪೋರ್ಚುಗೀಸರ ಗುಲಾಮ ವ್ಯಾಪಾರದ ಮೂಲಕ ಬಂದವರು ಎಂದು ಇತಿಹಾಸಕಾರರು ಹೇಳುತ್ತಿದ್ದರು. 2011ರಲ್ಲಿ ಪ್ರಕಟವಾದ ಅಧ್ಯಯನ ಕರ್ನಾಟಕದ ಮತ್ತು ಗುಜರಾತಿನ ಸಿದ್ದಿಗಳ ಡಿಎನ್‌ಎಯಲ್ಲಿ ಆಫ್ರಿಕಾದ ಪಾಲೇ ಹೆಚ್ಚೆಂದೂ, ಸ್ಥಳೀಯರ ಜೊತೆಗಿನ ಬೆರಕೆ ಈಚಿನ ಇನ್ನೂರು ವರ್ಷಗಳ ಸುಮಾರಿನದೆಂದೂ ತೋರಿಸಿತು. ಇಲ್ಲಿ ಪರೀಕ್ಷೆ ಯಾಕೆ ಫಲಿಸಿತು ಎಂಬುದನ್ನು ಗಮನಿಸಬೇಕು. ಪ್ರಶ್ನೆ ಮೊದಲೇ ಹದವಾಗಿತ್ತು. ಎಲ್ಲಿಂದ, ಯಾವ ಕಾಲಕ್ಕೆ, ಯಾರ ಹಡಗಿನಲ್ಲಿ ಎಂಬುದನ್ನು ಇತಿಹಾಸ ಹೇಳಿಯಾಗಿತ್ತು; ಡಿಎನ್‌ಎ ಹೌದೋ ಅಲ್ಲವೋ ಎಂದು ಸಾಕ್ಷಿ ಹೇಳಿತು.

ನಮ್ಮ ಮನೆತನಗಳಿಗೆ ಅಂಥ ಪ್ರಶ್ನೆ ಕಟ್ಟಿಕೊಡುವ ಕಾಗದಗಳು ಇವೆ, ಆದರೆ ಚದುರಿವೆ. 1956ಕ್ಕೆ ಮುಂಚೆ ಈ ಸೀಮೆ ಮುಂಬೈ ರಾಜ್ಯದಲ್ಲಿತ್ತು. ಅದಕ್ಕೂ ಹಿಂದೆ ರಾಯಬಾಗ ಕೊಲ್ಹಾಪುರ ಸಂಸ್ಥಾನದ್ದು, ಆ ಸಂಸ್ಥಾನ 1949ರಲ್ಲಿ ವಿಲೀನವಾಯಿತು. ಕೃಷ್ಣೆಯ ದಂಡೆಯಲ್ಲಿ ಬ್ರಿಟಿಷರ ಊರುಗಳ ನಡುನಡುವೆ ಪಟವರ್ಧನರ ಸಂಸ್ಥಾನಗಳ ತುಣುಕುಗಳಿದ್ದವು. ಹಾಗಾಗಿ ಅಕ್ಕಪಕ್ಕದ ಎರಡು ಊರುಗಳ ಹಳೆಯ ದಫ್ತರ ಒಂದರದು ಪುಣೆಯಲ್ಲಿ, ಇನ್ನೊಂದರದು ಕೊಲ್ಹಾಪುರದಲ್ಲಿ ಇರಬಹುದು. ಪುಣೆಯ ಪತ್ರಾಗಾರದಲ್ಲಿ ಪೇಶ್ವೆ ಕಾಲದ ಕಾಗದಗಳನ್ನು ಬಟ್ಟೆಯ ಚೌಕದಲ್ಲಿ ಗಂಟುಕಟ್ಟಿ ಇಟ್ಟಿದ್ದಾರೆ, ಅದಕ್ಕೆ ರುಮಾಲು ಎಂದೇ ಹೆಸರು. ಬಿಚ್ಚಿದರೆ ಕಾಣುವುದು ಮೋಡಿ ಲಿಪಿ. ಬರೆಯುವವನು ಮೊದಲು ಹಾಳೆಯ ಈ ಅಂಚಿನಿಂದ ಆ ಅಂಚಿಗೆ ಉದ್ದಕ್ಕೆ ಗೆರೆ ಎಳೆದು, ಆಮೇಲೆ ಲೇಖನಿ ಎತ್ತದೆ ಅದರ ಕೆಳಗೆ ಅಕ್ಷರಗಳನ್ನು ಸರಪಳಿಯಂತೆ ಜೋಡಿಸುತ್ತ ಹೋಗುತ್ತಿದ್ದ. ಇಕಾರ ಉಕಾರಗಳಲ್ಲಿ ಹ್ರಸ್ವ-ದೀರ್ಘದ ಭೇದವಿಲ್ಲ. ಕನ್ನಡದ ಎ-ಏ, ಒ-ಓ ವ್ಯತ್ಯಾಸಕ್ಕಂತೂ ಮರಾಠಿಯಲ್ಲಿ ಜಾಗವೇ ಇಲ್ಲ. ನಮ್ಮ ಚೆನ್ನವ್ವ ಅಲ್ಲಿ ಚನವಾ ಆಗಿ ಕೂತಿರಬಹುದು. ಇಸವಿ ನೋಡಿದರೆ ಸುಹೂರ ಸನ್, ಅದೂ ಅಂಕಿಯಲ್ಲಿಲ್ಲ, ಅರಬ್ಬಿ ಸಂಖ್ಯಾಪದಗಳಲ್ಲಿ. ಅದಕ್ಕೆ 599 ಅಥವಾ 600 ಕೂಡಿಸಿದರೆ ಇಂಗ್ಲಿಷ್ ವರ್ಷ. ಫಸಲಿಗೆ 590, ಶಕಕ್ಕೆ 78 ಕೂಡಿಸಬೇಕು. ಇಷ್ಟು ಗೊತ್ತಿಲ್ಲದೆ ಹೋದರೆ ಒಂದು ತಲೆಮಾರು ಮೇಲೆ ಕೆಳಗೆ ಆಗಿಬಿಡುತ್ತದೆ. ಇಪ್ಪತ್ತನೆಯ ಶತಮಾನದ ನಡುವಿಗೆ ಮೋಡಿ ಬಳಕೆಯಿಂದ ಬಿದ್ದುಹೋಯಿತು. ಅದನ್ನು ಓದಬಲ್ಲವರೂ, ಜೊತೆಗೆ ಕನ್ನಡದ ಹೆಸರುಗಳನ್ನು ಗುರುತಿಸಬಲ್ಲವರೂ ಆದ ಜನ ಬಹಳ ಕಡಿಮೆ. ಜೊಲ್ಲು ಕಳಿಸುವುದಕ್ಕಿಂತ ಹೆಚ್ಚು ತುರ್ತು ಇರುವುದು ಇಲ್ಲಿ ಎಂದು ನನಗೆ ಅನಿಸುತ್ತದೆ. ಡಿಎನ್‌ಎ ಮೊಮ್ಮಕ್ಕಳ ಮೈಯಲ್ಲೂ ಇರುತ್ತದೆ, ಹತ್ತು ವರ್ಷ ಬಿಟ್ಟು ನೋಡಿದರೂ ನಡೆಯುತ್ತದೆ. ಮೋಡಿ ಓದುವವರು ಹೋದ ಮೇಲೆ ಕಾಗದ ಇದ್ದೂ ಇಲ್ಲದಂತೆ.

ಕಾಗದ ಸುಳ್ಳು ಹೇಳುವುದಿಲ್ಲವೇ, ರಕ್ತವಾದರೆ ಸುಳ್ಳು ಹೇಳುವುದಿಲ್ಲವಲ್ಲ ಎಂಬುದು ಎಲ್ಲರೂ ಎತ್ತುವ ಆಕ್ಷೇಪ. ಕಾಗದ ಸುಳ್ಳು ಹೇಳಿದ್ದುಂಟು. ದಕ್ಷಿಣ ಮರಾಠಾ ಸೀಮೆಯಲ್ಲಿ ಬ್ರಿಟಿಷರು 1843ರಲ್ಲಿ ಇನಾಮು ಭೂಮಿಗಳ ತನಿಖೆ ಶುರುಮಾಡಿ, 1852ರ ಕಾಯ್ದೆಯಿಂದ ಇನಾಮ್ ಕಮಿಷನ್ನಿಗೆ ಬಲ ಕೊಟ್ಟರು. ಇನಾಮು ಉಳಿಯಬೇಕಾದರೆ ಸನದು ಯಾರಿಗೆ ಸಿಕ್ಕಿತು, ಅವನ ಮಕ್ಕಳು ಯಾರು, ಈಗಿನವರು ಅವನಿಗೆ ಏನಾಗಬೇಕು ಎಂದು ತೋರಿಸಬೇಕಿತ್ತು. 1874ರ ವತನ ಕಾಯ್ದೆ ಬಂದಾಗ ಪಾಟೀಲಕಿ, ಕುಲಕರ್ಣಿಕೆಯ ಹಕ್ಕುದಾರರನ್ನು ಮತ್ತೆ ಬರೆಸಬೇಕಾಯಿತು. ಹೊಲ ಹೋಗುವ ಭಯ ಇದ್ದಲ್ಲಿ ವಂಶಾವಳಿಯನ್ನು ತಿದ್ದುವ ಆಸೆಯೂ ಹುಟ್ಟುತ್ತದೆ. ಆದರೆ ಅದೇ ಭಯ ಒಂದು ಉಪಕಾರವನ್ನೂ ಮಾಡಿದೆ. ಒಬ್ಬ ಸುಳ್ಳು ಬರೆಸಿದರೆ ಪಾಲು ಕಳೆದುಕೊಳ್ಳುವ ದಾಯಾದಿ ಎದುರು ನಿಂತು ತಕರಾರು ಹಾಕಿದ್ದಾನೆ, ಸಾಕ್ಷಿಗಳ ಹೇಳಿಕೆ ಆಗಿದೆ, ತೀರ್ಪು ಆಗಿದೆ. ಸುಮ್ಮನೆ ಬರೆದ ವಂಶಾವಳಿಗಿಂತ ಜಗಳವಾಡಿ ಉಳಿದ ವಂಶಾವಳಿಯನ್ನು ಹೆಚ್ಚು ನಂಬಬಹುದು. ಇನ್ನೂ ಒಂದು ಮಾತು. ರಕ್ತ ಸುಳ್ಳು ಹೇಳದಿದ್ದರೂ ಅದು ಮನೆತನವನ್ನು ಹೇಳುವುದಿಲ್ಲ. ನಮ್ಮ ಸೀಮೆಯ ಮನೆಗಳಲ್ಲಿ ದತ್ತಕ ಸಾಮಾನ್ಯವಾಗಿತ್ತು. ಇದೇ ಜಿಲ್ಲೆಯ ಕಿತ್ತೂರಿನಲ್ಲಿ 1824ರಲ್ಲಿ ದೇಸಾಯಿ ತೀರಿಕೊಂಡಾಗ ತೆಗೆದುಕೊಂಡ ದತ್ತಕವನ್ನು ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ. ರಾಣಿ ಚೆನ್ನಮ್ಮ ಕತ್ತಿ ಹಿಡಿದದ್ದು ದತ್ತಕ ಮಗನೂ ಮನೆಯ ಮಗನೇ ಎಂಬ ಹಕ್ಕಿಗಾಗಿಯೂ ಹೌದು. ದತ್ತಕ ಬಂದ ಮನೆಯ ಇಬ್ಬರು ‘ಅಣ್ಣತಮ್ಮಂದಿರ’ ವೈ ವರ್ಣತಂತು ಹೊಂದದಿದ್ದರೆ ವಂಶಾವಳಿ ಸುಳ್ಳಾಯಿತು ಎನ್ನಲಾಗದು. ದತ್ತಕಪತ್ರ ಸಿಕ್ಕರೆ ಎರಡೂ ನಿಜ.

ಕಾಗದಕ್ಕೂ ರಕ್ತಕ್ಕೂ ನಡುವೆ ನಮ್ಮಲ್ಲಿ ಇನ್ನೊಂದು ಸಾಕ್ಷಿಯಿದೆ, ಹೆಳವ. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕೂತು, ಗಂಟೆ ಬಾರಿಸುತ್ತ ಬಂದು, ಮನೆಯ ಮುಂದೆ ನಿಂತು ಆ ಮನೆತನದ ಬೆಡಗು, ಮೂಲದ ಊರು, ಊರು ಬಿಟ್ಟ ಕಾರಣ, ಹಿರಿಯರ ಹೆಸರುಗಳನ್ನು ಸಾಲಾಗಿ ಹೇಳುವುದು ಹೆಳವರ ಕುಲಕಸುಬು. ಹೆಳವ ಎಂದರೆ ಕುಂಟ. ಮೊದಲ ಹೆಳವ ನಡೆಯಲಾರದವನಾಗಿದ್ದ, ಅದಕ್ಕೇ ಎತ್ತೇರಿದ ಎಂದು ಅವರ ಕಥೆ. ಮನೆಯವರು ಕಾಳು, ಬಟ್ಟೆ, ಪಾತ್ರೆ, ಅನುಕೂಲವಿದ್ದರೆ ಕರು ಕೊಟ್ಟು, ಹಿಂದಿನ ಸಲದಿಂದ ಈಚೆಗೆ ಹುಟ್ಟಿದವರ ಹೆಸರು ಬರೆಸುತ್ತಾರೆ. ದಾನಕ್ಕಾಗಿ ಹಾಡುವವನು ಹೊಗಳಿ ಹಾಡುತ್ತಾನೆ, ಅವನನ್ನು ಹೇಗೆ ನಂಬುವುದು ಎಂದು ಕೇಳುವುದು ಸರಿಯೇ. ಮೇಲಿನ ತುದಿಯಲ್ಲಿ ಯಾವುದೋ ರಾಜನೋ ಶರಣನೋ ಮೂಲಪುರುಷನಾಗಿ ಬಂದರೆ ಅದನ್ನು ಭಕ್ತಿಯಿಂದ ಕೇಳಿ ಪಕ್ಕಕ್ಕೆ ಇಡಬೇಕು. ಆದರೆ ಈಚಿನ ಐದಾರು ತಲೆಮಾರಿನ ಹೆಸರುಗಳಲ್ಲಿ ಹೊಗಳಿಕೆಗೆ ಆಸ್ಪದ ಕಡಿಮೆ; ಮಲ್ಲಪ್ಪನಿಗೆ ಮೂವರು ಮಕ್ಕಳು, ನಡುವಿನವ ಬೇರೆ ಊರಿಗೆ ಹೋದ ಎಂದು ಬದಲಿಸಿ ಹೇಳಿ ಹೆಳವನಿಗೆ ಸಿಗುವುದೇನೂ ಇಲ್ಲ. ಆ ನಡುವಿನವನ ಕುಡಿಗಳು ಇಂದು ಎಲ್ಲೋ ಇದ್ದರೆ, ಅವರ ವೈ ವರ್ಣತಂತುವನ್ನೂ ಇಲ್ಲಿಯವರದನ್ನೂ ಹೋಲಿಸಿ ನೋಡಬಹುದು. ಡಿಎನ್‌ಎಗೆ ಕೊಡಬೇಕಾದ ಕೆಲಸ ಇಂಥದು. ಇದೇ ಬಗೆಯ ನೆನಪು ತ್ರ್ಯಂಬಕೇಶ್ವರ, ನಾಸಿಕದ ತೀರ್ಥಪುರೋಹಿತರ ನಾಮಾವಳಿಗಳಲ್ಲೂ ಇದೆ. ಹರಿದ್ವಾರದ ಪಂಡಾಗಳ ವಹಿಗಳನ್ನಂತೂ ಅಮೆರಿಕದ ಯೂಟಾ ವಂಶಾವಳಿ ಸಂಘದವರು ಮೈಕ್ರೊಫಿಲ್ಮ್ ಮಾಡಿಕೊಂಡಿದ್ದಾರೆ. ನಮ್ಮ ಹೆಳವರ ಹೊತ್ತಿಗೆಗಳಿಗೂ ಅಷ್ಟು ಕಾಳಜಿ ಸಲ್ಲಬೇಕು.

ಆದರೆ ಈ ಎಲ್ಲ ಸಾಕ್ಷಿಗಳೂ ಯಾರ ಹೆಸರು ಬರೆದವು? ಹೊಲ ಇದ್ದವರದು, ಗಂಡಸರದು. ಹೆಣ್ಣುಮಗಳು ಹೊಲದ ಉತಾರದಲ್ಲಿ ಕಾಣುವುದು ಗಂಡ ಸತ್ತ ಮೇಲೆ, ವಾರಸಾ ಮಾಡುವಾಗ, ‘ಬಸವ್ವ ಕೋಂ ಮಲ್ಲಪ್ಪ’ ಎಂದು. ಅವಳ ತವರು ಯಾವುದು, ಅವಳ ಅವ್ವ ಯಾರು ಎಂಬುದು ಅಲ್ಲಿಗೇ ನಿಂತುಹೋಗುತ್ತದೆ. ದಲಿತರ ಹೆಸರು ಬಂದಿದ್ದರೆ ಮಹಾರ ವತನದ ಚಾಕರಿಯವರೆಂದು ಬಂದಿರುತ್ತದೆ. ಬಿಟ್ಟಿ ದುಡಿಸಿಕೊಳ್ಳುವ ಆ ವತನದ ಕಟ್ಟನ್ನು ಸಡಿಲಿಸಲು ಅಂಬೇಡ್ಕರ್ 1928ರಲ್ಲಿ ಮುಂಬೈ ಶಾಸನಸಭೆಯಲ್ಲಿ ಮಸೂದೆ ತಂದರು. ಎಷ್ಟೋ ಮನೆಗಳಲ್ಲಿ ಹೆಸರು ಮೊದಲ ಸಲ ಬರೆಹಕ್ಕೆ ಬಂದದ್ದು ಶಾಲೆಯ ರಜಿಸ್ಟರಿನಲ್ಲಿ. ಕೊಲ್ಹಾಪುರ ಸಂಸ್ಥಾನದಲ್ಲಿ ಶಾಹು ಮಹಾರಾಜರು 1917ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಉಚಿತ ಮತ್ತು ಕಡ್ಡಾಯ ಮಾಡಿದ್ದರಿಂದ ರಾಯಬಾಗದ ಕಡೆ ಈ ರಜಿಸ್ಟರುಗಳಿಗೆ ವಿಶೇಷ ಬೆಲೆಯಿದೆ. ಅಲ್ಲಿ ಹುಟ್ಟಿದ ತಾರೀಖು ಜೂನ್ 1 ಎಂದಿದ್ದರೆ ಮಾಸ್ತರರು ಶಾಲೆಗೆ ಸೇರಲು ವಯಸ್ಸು ಹೊಂದಿಸಿ ಹಾಕಿದ್ದು ಎಂದು ತಿಳಿಯಬೇಕು, ಹೆಸರು ಮತ್ತು ಊರು ಮಾತ್ರ ನಂಬತಕ್ಕವು. ಇಂಥ ಮನೆಗಳಿಗೆ ಡಿಎನ್‌ಎ ಹೆಚ್ಚು ಮಾತಾಡಬಲ್ಲದು. ಮೈಟೊಕಾಂಡ್ರಿಯದ ಎಳೆ, ಉತಾರ ಬರೆಯದೆ ಬಿಟ್ಟ ಅವ್ವಂದಿರದ್ದೇ ಎಳೆ. ದೇವದಾಸಿ ಪದ್ಧತಿಯ ಮಕ್ಕಳ ವಿಷಯ ಇನ್ನೂ ಕಠಿಣ. ಚಿಕ್ಕೋಡಿ, ರಾಯಬಾಗ, ಅಥಣಿ ಈ ಪದ್ಧತಿಯಿಂದ ಬಹಳ ನೊಂದ ಸೀಮೆ. 1982ರ ಕಾಯ್ದೆ ಮುತ್ತು ಕಟ್ಟುವುದನ್ನು ನಿಷೇಧಿಸಿತು, ಆದರೆ ಆ ತಾಯಂದಿರ ಮಕ್ಕಳು ಪ್ರತಿ ಅರ್ಜಿಯಲ್ಲೂ ‘ತಂದೆಯ ಹೆಸರು’ ಎಂಬ ಖಾಲಿ ಗೆರೆಯ ಮುಂದೆ ತಲೆ ತಗ್ಗಿಸಬೇಕಾಗಿತ್ತು. 2025ರಲ್ಲಿ ರಾಜ್ಯ ವಿಧಾನಮಂಡಲ ಒಪ್ಪಿದ ಹೊಸ ವಿಧೇಯಕ ತಂದೆಯ ಹೆಸರು ಬರೆಯುವುದು ಕಡ್ಡಾಯವಲ್ಲವೆಂದಿತು. ತಂದೆಯನ್ನು ಗುರುತಿಸಿಕೊಳ್ಳುವ ಹಕ್ಕನ್ನು ಮಕ್ಕಳಿಗೆ ಕೊಟ್ಟು, ಆತ ಒಪ್ಪದಿದ್ದಾಗ ಡಿಎನ್‌ಎ ಪರೀಕ್ಷೆಗೂ ದಾರಿ ಮಾಡಿತು. ತಂದೆ ಯಾರೆಂಬುದು ಊರಿಗೆಲ್ಲ ಗೊತ್ತಿದ್ದೂ ಯಾವ ದಫ್ತರಕ್ಕೂ ಏರದ ಸತ್ಯ. ಡಿಎನ್‌ಎ ಪರೀಕ್ಷೆಯಿಂದ ನಮ್ಮ ಸೀಮೆಗೆ ಆಗಬಹುದಾದ ಅತಿ ದೊಡ್ಡ ಉಪಕಾರ ಇದೇ ಎಂದು ನಾನು ನಂಬುತ್ತೇನೆ.

ವಂಶ ಹುಡುಕುವುದೆಂದರೆ ಜಾತಿಯ ಜಂಬಕ್ಕೆ ನೀರೆರೆದಂತೆ ಎಂಬ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲಾರೆ. ಗಡಿಯಾಚೆ 2023ರಲ್ಲಿ ನ್ಯಾಯಮೂರ್ತಿ ಸಂದೀಪ ಶಿಂದೆ ಸಮಿತಿ ಮರಾಠರ ಹಳೆಯ ದಾಖಲೆಗಳಲ್ಲಿ ‘ಕುಣಬಿ’ ಎಂಬ ಪದ ಹುಡುಕಲು ಹೊರಟಾಗ ಮೋಡಿ ಓದುವವರಿಗೆ ಎಲ್ಲಿಲ್ಲದ ಬೇಡಿಕೆ ಬಂತು. ನೂರು ವರ್ಷದ ಹಿಂದಿನ ಕಾರಕೂನನೊಬ್ಬ ಬರೆದ ಒಂದು ಪದದ ಮೇಲೆ ಮೊಮ್ಮಕ್ಕಳ ಮೀಸಲಾತಿ ನಿಂತಿತು. ಗಡಿಯ ಜಗಳದಲ್ಲೂ ಹೀಗೇ. ಮನೆಯ ಹಳೆಯ ಪತ್ರ ಮೋಡಿಯಲ್ಲಿದೆ, ಆದ್ದರಿಂದ ಮನೆತನ ಮರಾಠಿ ಎನ್ನುವವರಿದ್ದಾರೆ. ಮೋಡಿ ಆಳುವವರ ಲೆಕ್ಕದ ಲಿಪಿಯಾಗಿತ್ತು, ಒಕ್ಕಲಿಗನ ಅಡಿಗೆಮನೆಯ ಮಾತು ಬೇರೆ ಇರಬಹುದು. ಕೊಲ್ಹಾಪುರದ ಶಿಲಾಹಾರರ ಎಷ್ಟೋ ಶಾಸನಗಳು ಕನ್ನಡದಲ್ಲಿವೆ ಎಂಬ ಮಾತ್ರಕ್ಕೆ ಇಂದಿನ ಕೊಲ್ಹಾಪುರದವರ ಮನೆಮಾತನ್ನು ನಿರ್ಧರಿಸಲಾಗದು, ಇದೂ ಹಾಗೆಯೇ. ಡಿಎನ್‌ಎಗಂತೂ ಭಾಷೆಯೇ ಇಲ್ಲ. ಜಂಬಕ್ಕೆ ಮದ್ದು ಹುಡುಕಾಟ ನಿಲ್ಲಿಸುವುದರಲ್ಲಿಲ್ಲ, ಅದನ್ನು ಅರ್ಧಕ್ಕೆ ಬಿಡದಿರುವುದರಲ್ಲಿದೆ. ಪಾಟೀಲಕಿಯ ಸನದಿನವರೆಗೆ ಹೋಗಿ ನಿಂತವನಿಗೆ ಜಂಬ ಬರುತ್ತದೆ. ದತ್ತಕಪತ್ರ, ಹೆಣ್ಣುಮಕ್ಕಳ ತವರು, ಕೊನೆಗೆ 2009ರ ಅಧ್ಯಯನದ ಬೆರಕೆಯವರೆಗೂ ಹೋದವನಿಗೆ ಎದುರುಮನೆಯವನೂ ದಾಯಾದಿಯೇ.

ಇನ್ನು ಅಪಾಯದ ಮಾತು. ಜೊಲ್ಲು ಒಬ್ಬನದಾದರೂ ಸುದ್ದಿ ಮನೆಯವರೆಲ್ಲರದು. ಡಿಎನ್‌ಎ ಪರೀಕ್ಷೆ ಮಾಡುವ 23ಆಂಡ್‌ಮಿ ಕಂಪನಿಯಿಂದ 2023ರಲ್ಲಿ ಸುಮಾರು 69 ಲಕ್ಷ ಜನರ ಮಾಹಿತಿ ಕಳ್ಳರ ಕೈಸೇರಿತು, 2025ರ ಮಾರ್ಚಿನಲ್ಲಿ ಕಂಪನಿಯೇ ದಿವಾಳಿ ಅರ್ಜಿ ಹಾಕಿತು. ನಮ್ಮಲ್ಲಿ ಡಿಎನ್‌ಎ ಬಳಕೆಗೆ ಕಟ್ಟುಪಾಡು ಹಾಕಬೇಕಿದ್ದ ಮಸೂದೆಯನ್ನು ಕೇಂದ್ರ 2023ರಲ್ಲಿ ಹಿಂದಕ್ಕೆ ಪಡೆಯಿತು. ಮಕ್ಕಳ ಡಿಎನ್‌ಎಯನ್ನು ಗಂಡಹೆಂಡಿರ ಜಗಳದಲ್ಲಿ ಸುಮ್ಮಸುಮ್ಮನೆ ಪರೀಕ್ಷೆಗೆ ಒಡ್ಡಬಾರದೆಂದು ಸುಪ್ರೀಂ ಕೋರ್ಟು 1993ರಿಂದ ಹೇಳುತ್ತ ಬಂದಿದೆ, 2023ರಲ್ಲಿ ಮತ್ತೆ ಹೇಳಿತು. ಮನೆಯಲ್ಲೂ ಅದೇ ಎಚ್ಚರ ಬೇಕು: ಪರೀಕ್ಷೆ ಮಾಡಿಸುವ ಮುಂಚೆ ಹಿರಿಯರನ್ನು ಕೂರಿಸಿಕೊಂಡು, ಬೇಡದ ಉತ್ತರ ಬಂದರೆ ಏನು ಮಾಡುವುದೆಂದು ಮಾತಾಡಿಕೊಳ್ಳಬೇಕು.

ಮೊದಲು ಮಾಡಬೇಕಾದದ್ದು ದುಡ್ಡಿನ ಕೆಲಸವೇ ಅಲ್ಲ. ಮನೆಯ ಆಯಿ, ಮುತ್ಯಾ ಇರುವಾಗಲೇ ಅವರಿಗೆ ಗೊತ್ತಿರುವ ಎಲ್ಲ ಹೆಸರುಗಳನ್ನು, ಉರ್ಫ ಹೆಸರುಗಳ ಸಮೇತ, ಬಂದ ಊರು ಕೊಟ್ಟ ಊರುಗಳ ಸಮೇತ ಬರೆದುಕೊಳ್ಳುವುದು. ಆಮೇಲೆ ಉತಾರ, ವಾರಸಾ ನೋಂದಣಿ, ಶಾಲೆಯ ರಜಿಸ್ಟರು. ತಾಲ್ಲೂಕು ಕಚೇರಿಗಳ ಹಳೆಯ ಕಡತಗಳನ್ನು ಭೂ ಸುರಕ್ಷಾ ಯೋಜನೆಯಲ್ಲಿ ಸ್ಕ್ಯಾನ್ ಮಾಡುತ್ತಿರುವುದರಿಂದ ಈ ಹುಡುಕಾಟ ಮುಂಚಿಗಿಂತ ಸುಲಭ. ಅದರಾಚೆ ಕೊಲ್ಹಾಪುರ, ಪುಣೆಯ ರುಮಾಲುಗಳು, ಮೋಡಿ ಬಲ್ಲವರ ಸಹಾಯ. ಎಳೆ ಎಲ್ಲಿ ಕಡಿಯಿತೋ ಅಲ್ಲಿ ಡಿಎನ್‌ಎ. ಮುಂದಿನ ಸಲ ಹೆಳವ ಬಾಗಿಲಿಗೆ ಬಂದು ಹೊಸ ಹೆಸರುಗಳನ್ನು ಕೇಳಿದಾಗ, ಗಂಡುಮಕ್ಕಳ ಹೆಸರಿನ ಪಕ್ಕ ಹೆಣ್ಣುಮಕ್ಕಳದನ್ನೂ, ಸೊಸೆಯರು ಬಂದ ತವರಿನ ಹೆಸರನ್ನೂ ಅವನ ಹೊತ್ತಿಗೆಯಲ್ಲಿ ಬರೆಸಬೇಕು.